ಗಿಳಿಪಾಠವೂ ನಿಜವಾದ ಕಲಿಕೆಯೂ: ಯಂತ್ರದ ಶಾಲೆಯಲ್ಲಿ ಡ್ರಾಪ್‌ಔಟ್

ಗಿಳಿಯು ಮಾತನಾಡುತ್ತದೆ, ಆದರೆ ತಾನಾಡಿದ ಮಾತಿನ ಅರ್ಥವನ್ನು ಅದು ಅರಿಯದು. ಅರ್ಥವರಿಯದೆ ಒಪ್ಪಿಸುವ ಪಾಠಕ್ಕೆ ನಮ್ಮ ಹಿರಿಯರು ಗಿಳಿಪಾಠವೆಂದು ಹೆಸರಿಟ್ಟದ್ದು ಇದೇ ಕಾರಣಕ್ಕಾಗಿ. ಕಳೆದ ಐದು ವರ್ಷಗಳ ಪ್ರಶ್ನಪತ್ರಿಕೆಗಳ ಉತ್ತರಗಳನ್ನು ಅಕ್ಷರ ಬಿಡದೆ ಬಾಯಿಪಾಠ ಮಾಡಿದ ವಿದ್ಯಾರ್ಥಿಯು ಅವೇ ಪ್ರಶ್ನೆಗಳು ಬಂದರೆ ನೂರಕ್ಕೆ ನೂರು ಅಂಕ ಪಡೆಯಬಲ್ಲನು. ಪ್ರಶ್ನೆಯನ್ನು ತುಸು ತಿರುಗಿಸಿ ಕೇಳಿದರೆ ಲೇಖನಿಯನ್ನು ಕೆಳಗಿಟ್ಟು ಮಾಳಿಗೆ ನೋಡತೊಡಗುವನು. ಈ ದೋಷವು ಮನುಷ್ಯನಿಗೆ ಮಾತ್ರ ಅಂಟಿದ್ದಲ್ಲ. ಕಲಿಯುವ ಯಂತ್ರಗಳಿಗೂ ಇದು ಅಂಟಿಕೊಳ್ಳುವದು. ಯಂತ್ರದಲ್ಲಿ ಈ ದೋಷಕ್ಕೆ ಓವರ್‌ಫಿಟ್ಟಿಂಗ್ ಎಂದು ಹೆಸರು. ಅದನ್ನು ಬಿಡಿಸಲು ವಿಜ್ಞಾನಿಗಳು ಕಂಡುಹಿಡಿದ ಒಂದು ವಿಚಿತ್ರವಾದರೂ ಸರಳವಾದ ಉಪಾಯಕ್ಕೆ ಡ್ರಾಪ್‌ಔಟ್ ಎಂದು ಹೆಸರು. ಇವೆರಡನ್ನೂ ಕಲಾವಿಭಾಗದ ನನ್ನ ಸಹಪಾಠಿಗಳಿಗೆ ತಿಳಿಯುವಂತೆ ವಿವರಿಸುವದೇ ಈ ಲೇಖನದ ಉದ್ದೇಶ. ಇದಕ್ಕೆ ದೊಡ್ಡ ಗಣಿತವೇನೂ ಬೇಕಿಲ್ಲ. ಕೂಡಿಸಲು, ಗುಣಿಸಲು, ಸರಾಸರಿ ತೆಗೆಯಲು ಬಂದರೆ ಸಾಕು.

ಮೊದಲಿಗೆ ನರಜಾಲವೆಂದರೇನೆಂಬದನ್ನು ನೋಡೋಣ. ಒಂದು ಚಿಕ್ಕ ಚೌಕದಲ್ಲಿ ಕೈಯಿಂದ ಬರೆದ ಒಂದು ಅಂಕಿಯಿದೆಯೆಂದು ಭಾವಿಸಿರಿ. ಆ ಚೌಕವನ್ನು ಅಡ್ಡಕ್ಕೆ ೨೮, ಉದ್ದಕ್ಕೆ ೨೮ ಮನೆಗಳಾಗಿ ವಿಂಗಡಿಸಿದರೆ ಒಟ್ಟು ೭೮೪ ಮನೆಗಳಾಗುವವು. ಪ್ರತಿಯೊಂದು ಮನೆ ಎಷ್ಟು ಕಪ್ಪಾಗಿದೆಯೆಂಬದನ್ನು ಒಂದು ಸಂಖ್ಯೆಯಿಂದ ಹೇಳಬಹುದು. ಅಂದರೆ ನಮ್ಮ ಕಣ್ಣಿಗೆ ಅಂಕಿಯಾಗಿ ತೋರುವದು ಯಂತ್ರಕ್ಕೆ ೭೮೪ ಸಂಖ್ಯೆಗಳ ಒಂದು ಸಾಲು ಮಾತ್ರ. ಈ ಸಾಲು ಒಳಗೆ ಹೋಗುವದು. ಇದು ಸೊನ್ನೆಯಿಂದ ಒಂಬತ್ತರ ವರೆಗಿನ ಯಾವ ಅಂಕಿ ಎಂಬ ಉತ್ತರವು ಹೊರಗೆ ಬರಬೇಕು. ನಡುವೆ ಘಟಕಗಳೆಂಬ ಸಣ್ಣ ಸಣ್ಣ ಲೆಕ್ಕಿಗರು ಪದರುಪದರಾಗಿ ಕುಳಿತಿರುವರೆಂದು ತಿಳಿಯಿರಿ. ಪ್ರತಿಯೊಬ್ಬ ಲೆಕ್ಕಿಗನು ತನಗೆ ಬಂದ ಒಂದೊಂದು ಸಂಖ್ಯೆಯನ್ನೂ ಒಂದೊಂದು ತೂಕದಿಂದ ಗುಣಿಸಿ, ಎಲ್ಲವನ್ನೂ ಕೂಡಿಸಿ, ಬಂದ ಮೊತ್ತವನ್ನು ಮುಂದಿನ ಪದರಿಗೆ ದಾಟಿಸುವನು. ಮೊತ್ತವು ಸೊನ್ನೆಗಿಂತ ಕೆಳಗಿದ್ದರೆ ಸುಮ್ಮನಿರುವನು. ಮಿದುಳಿನ ನರಕೋಶಗಳ ಕೆಲಸವನ್ನು ಇದು ದೂರದಿಂದ ಹೋಲುವದರಿಂದ ಇದಕ್ಕೆ ನರಜಾಲವೆಂಬ ಹೆಸರು ಬಂದಿದೆ.

ಈ ಜಾಲದ ಜ್ಞಾನವೆಲ್ಲ ಆ ತೂಕಗಳಲ್ಲಿಯೇ ಅಡಗಿದೆ. ಮೊದಲಲ್ಲಿ ತೂಕಗಳು ಮನಬಂದಂತೆ ಇರುವವು. ಆದುದರಿಂದ ಉತ್ತರಗಳೂ ತಪ್ಪಾಗಿರುವವು. ನಾವು ಒಂದು ಅಂಕಿಯನ್ನು ತೋರಿಸಿ, ಯಂತ್ರದ ಉತ್ತರವನ್ನು ಪಡೆದು, ಸರಿಯಾದ ಉತ್ತರವನ್ನು ಹೇಳುವೆವು. ಎರಡಕ್ಕೂ ಇರುವ ಅಂತರವನ್ನು ಲೆಕ್ಕಹಾಕಿ, ಆ ಅಂತರ ಕಡಿಮೆಯಾಗುವ ದಿಕ್ಕಿನಲ್ಲಿ ಪ್ರತಿಯೊಂದು ತೂಕವನ್ನೂ ಎಳ್ಳಷ್ಟು ತಿದ್ದಲಾಗುವದು. ಹೀಗೆ ಸಾವಿರ ಸಲ, ಲಕ್ಷ ಸಲ ತಿದ್ದುತ್ತ ಹೋದಂತೆ ಯಂತ್ರವು ಅಂಕಿಗಳನ್ನು ಗುರುತಿಸತೊಡಗುವದು. ಮಗುವು ಮರಳಿನ ಮೇಲೆ ಅಕ್ಷರ ತಿದ್ದಿ ಕಲಿಯುವಂತೆ ಯಂತ್ರವು ತೂಕ ತಿದ್ದಿ ಕಲಿಯುವದು.

ಇಲ್ಲಿಯೇ ಗಿಳಿಪಾಠಕ್ಕೆ ಆಸ್ಪದ ದೊರೆಯುವದು. ಒಂದು ಪದರಿನಲ್ಲಿ ೮೦೦ ಘಟಕಗಳಿವೆಯೆಂದು ಇಟ್ಟುಕೊಳ್ಳೋಣ. ೭೮೪ ಮನೆಗಳಿಂದ ೮೦೦ ಘಟಕಗಳಿಗೆ ಹೋಗುವ ತೂಕಗಳೇ ೬,೨೭,೨೦೦ ಆಗುವವು. ಕಲಿಸಲು ನಮ್ಮಲ್ಲಿ ೬೦,೦೦೦ ಮಾದರಿ ಅಂಕಿಗಳಿದ್ದರೆ, ಮಾದರಿಗಳಿಗಿಂತ ತೂಕಗಳೇ ಹತ್ತು ಪಟ್ಟು ಹೆಚ್ಚಾದವು. ಇಷ್ಟು ದೊಡ್ಡ ನೆನಪಿನ ಚೀಲವಿರುವಾಗ ಯಂತ್ರವು ಅಂಕಿಯ ಆಕಾರವನ್ನು ಅರಿಯುವ ಶ್ರಮವನ್ನೇಕೆ ತೆಗೆದುಕೊಂಡೀತು? ಒಬ್ಬ ಬರೆಹಗಾರನ ೩ರ ಮೂಲೆಯಲ್ಲಿ ಶಾಯಿಯ ಕಲೆಯೊಂದಿದ್ದರೆ, 'ಮೂಲೆಯಲ್ಲಿ ಕಲೆಯಿದ್ದರೆ ಅದು ೩' ಎಂದು ಅದು ಕಲಿತುಬಿಡಬಹುದು. ಆ ಹಾಳೆಯ ಮಟ್ಟಿಗೆ ಉತ್ತರ ಸರಿಯೇ. ಆದರೆ ಕಲೆಯಿಲ್ಲದ ೩ ಬಂದಾಗ ಯಂತ್ರವು ಕಣ್ಣು ಕಣ್ಣು ಬಿಡುವದು. ಉಪಯೋಗವಿಲ್ಲದ ಆಕಸ್ಮಿಕ ಸಂಗತಿಗಳನ್ನೂ ಪಾಠವೆಂದೇ ತಿಳಿದು ಉರುಹೊಡೆಯುವದೇ ಓವರ್‌ಫಿಟ್ಟಿಂಗ್.

ಇದನ್ನು ಪತ್ತೆ ಹಚ್ಚುವ ವಿಧಾನವು ನಮ್ಮ ಪರೀಕ್ಷಾ ಪದ್ಧತಿಯನ್ನೇ ಹೋಲುವದು. ಮಾದರಿಗಳಲ್ಲಿ ಒಂದು ಭಾಗವನ್ನು ಕಲಿಸಲು ಬಳಸಿ, ಇನ್ನೊಂದು ಭಾಗವನ್ನು ಯಂತ್ರಕ್ಕೆ ತೋರಿಸದೆ ಬಚ್ಚಿಡಬೇಕು. ಕಲಿಕೆ ನಡೆದಂತೆಲ್ಲ ಎರಡೂ ಭಾಗಗಳಲ್ಲಿಯ ತಪ್ಪುಗಳನ್ನು ಎಣಿಸುತ್ತ ಹೋಗಬೇಕು. ಮೊದಮೊದಲು ಎರಡರಲ್ಲಿಯೂ ತಪ್ಪುಗಳು ಇಳಿಯುವವು. ಮುಂದೆ ಒಂದು ಹಂತ ಬರುವದು: ಕಲಿತ ಭಾಗದಲ್ಲಿ ತಪ್ಪುಗಳು ಇಳಿಯುತ್ತಲೇ ಇರುವವು, ಬಚ್ಚಿಟ್ಟ ಭಾಗದಲ್ಲಿ ಏರತೊಡಗುವವು. ಎರಡು ಗೆರೆಗಳು ಅಗಲಿದ ಆ ಗಳಿಗೆಯಿಂದಲೇ ಯಂತ್ರವು ಕಲಿಯುವದನ್ನು ಬಿಟ್ಟು ಬಾಯಿಪಾಠಕ್ಕೆ ತೊಡಗಿತೆಂದು ತಿಳಿಯಬೇಕು.

ಇದಕ್ಕೆ ಪರಿಹಾರಗಳು ಹಲವು. ಗೆರೆಗಳು ಅಗಲುವ ಹೊತ್ತಿಗೆ ಕಲಿಕೆಯನ್ನು ನಿಲ್ಲಿಸಿಬಿಡುವದು ಒಂದು. ತೂಕಗಳು ಬಹಳ ಬೆಳೆಯದಂತೆ ದಂಡ ಹಾಕುವದು ಇನ್ನೊಂದು. ಮಾದರಿಗಳನ್ನು ತುಸು ಓರೆ ಮಾಡಿ, ಸರಿಸಿ, ಅವುಗಳ ಸಂಖ್ಯೆಯನ್ನು ಹೆಚ್ಚಿಸುವದು ಮತ್ತೊಂದು. ನೂರಾರು ನರಜಾಲಗಳನ್ನು ಬೇರೆ ಬೇರೆಯಾಗಿ ಕಲಿಸಿ, ಎಲ್ಲವುಗಳ ಉತ್ತರದ ಸರಾಸರಿ ತೆಗೆಯುವದೂ ಒಳ್ಳೆಯ ಉಪಾಯವೇ. ಯಾಕಂದರೆ ಒಂದೊಂದು ಜಾಲದ ತಪ್ಪು ಒಂದೊಂದು ಬಗೆಯದಿದ್ದು, ಸರಾಸರಿಯಲ್ಲಿ ಅವು ಒಂದನ್ನೊಂದು ಕಳೆದುಕೊಳ್ಳುವವು. ಆದರೆ ಒಂದು ದೊಡ್ಡ ಜಾಲವನ್ನು ಕಲಿಸುವದಕ್ಕೇ ದಿನಗಟ್ಟಲೆ ಸಮಯ ಬೇಕಾಗುವಾಗ ನೂರು ಜಾಲಗಳನ್ನು ಕಲಿಸುವ ಖರ್ಚನ್ನು ಯಾರು ಹೊತ್ತಾರು? ಒಂದೇ ಜಾಲದ ಖರ್ಚಿನಲ್ಲಿ ನೂರು ಜಾಲಗಳ ಫಲ ದೊರೆಯುವಂತಿದ್ದರೆ ಎಷ್ಟು ಚೆನ್ನು! ಡ್ರಾಪ್‌ಔಟ್ ಮಾಡುವದು ಬಹುಮಟ್ಟಿಗೆ ಇದನ್ನೇ.

ಇದನ್ನು ತಿಳಿಯಲು ನಮ್ಮ ಊರಿನ ಭಜನಾ ಮೇಳಕ್ಕೆ ಹೋಗೋಣ. ಹಾನಗಲ್ಲಿನಿಂದ ಶಿಗ್ಗಾವಿಯ ವರೆಗೆ ಮೇಳವಿಲ್ಲದ ಹಳ್ಳಿ ಅಪರೂಪ. ಎಂಟು ಮಂದಿಯ ಒಂದು ಮೇಳವಿದೆಯೆನ್ನಿರಿ. ಅವರಲ್ಲಿ ಮುಮ್ಮೇಳದವನೊಬ್ಬನಿಗೆ ಗಟ್ಟಿ ಕಂಠವಿದೆ, ಪದಗಳೆಲ್ಲ ಕಂಠಸ್ಥ. ಉಳಿದವರು ಅವನ ಬಾಯಿ ನೋಡಿ ಕಡೆಯ ಅಕ್ಷರವನ್ನು ಎಳೆಯುವರು; ತಾಳ ಹಾಕುವವನು ಅವನ ತಲೆ ಅಲ್ಲಾಡುವದನ್ನು ನೋಡಿ ತಾಳ ಹಾಕುವನು. ಕೇಳುವವರಿಗೆ ಮೇಳವು ಸೊಗಸಾಗಿಯೇ ಇದೆ. ಆದರೆ ಒಂದು ಸೋಮವಾರ ಮುಮ್ಮೇಳದವನು ಬೀಗರ ಊರಿಗೆ ಹೋದನೆಂದರೆ ಉಳಿದ ಏಳು ಮಂದಿಗೆ ಒಂದು ಶರೀಫರ ಪದವೂ ಪೂರ್ತಿ ಬಾರದು. ಅವರು ಪದವನ್ನು ಕಲಿತಿರಲಿಲ್ಲ. ಒಬ್ಬರನ್ನೊಬ್ಬರು ಆತುಕೊಂಡು ನಿಲ್ಲುವದನ್ನು ಮಾತ್ರ ಕಲಿತಿದ್ದರು.

ಜಾಣನಾದ ಗುರುವು ಏನು ಮಾಡುವನು? ಪ್ರತಿದಿನ ಸಂಜೆ ಅಭ್ಯಾಸಕ್ಕೆ ಮುಂಚೆ ಪ್ರತಿಯೊಬ್ಬನ ಹೆಸರಿನಲ್ಲಿ ಒಂದು ನಾಣ್ಯವನ್ನು ಚಿಮ್ಮುವನು. ರಾಜಮುದ್ರೆ ಮೇಲೆ ಬಿದ್ದರೆ ಆತ ಹಾಡಬೇಕು. ಅಂಕೆ ಬಿದ್ದರೆ ಆ ಸಂಜೆ ಸುಮ್ಮನೆ ಕುಳ್ಳಿರಬೇಕು. ಇಂದು ಮುಮ್ಮೇಳದವನಿಲ್ಲ, ನಾಳೆ ತಾಳದವನಿಲ್ಲ, ನಾಡಿದ್ದು ಮೂವರೇ ಉಳಿದಿರುವರು. ಯಾರು ಜೊತೆಗಿರುವರೆಂಬ ಭರವಸೆಯೇ ಇಲ್ಲದ ಮೇಲೆ ಪ್ರತಿಯೊಬ್ಬನೂ ಪದವನ್ನೂ ತಾಳವನ್ನೂ ತಾನೇ ಕಲಿಯಬೇಕಾಗುವದು. ಆರು ತಿಂಗಳ ಮೇಲೆ ಜಾತ್ರೆಯ ದಿನ ಎಂಟೂ ಮಂದಿ ಕೂಡಿ ಹಾಡಿದಾಗ ಆ ಮೇಳದ ಬಲವೇ ಬೇರೆ. ಒಂದೇ ತೊಂದರೆಯೆಂದರೆ, ನಾಲ್ಕು ದನಿಗಳ ಅಭ್ಯಾಸವಿದ್ದಲ್ಲಿ ಎಂಟು ದನಿಗಳು ಕೂಡಿ ಗದ್ದಲವಾದೀತು. ಆದುದರಿಂದ ಜಾತ್ರೆಯ ದಿನ ಪ್ರತಿಯೊಬ್ಬನೂ ತನ್ನ ದನಿಯನ್ನು ಅರ್ಧಕ್ಕೆ ಇಳಿಸಿ ಹಾಡಬೇಕು.

ನರಜಾಲದಲ್ಲಿ ಡ್ರಾಪ್‌ಔಟ್ ಎಂದರೆ ಇಷ್ಟೇ. ಒಂದೊಂದು ಮಾದರಿಯನ್ನು ತೋರಿಸುವಾಗಲೂ ಪ್ರತಿಯೊಂದು ಘಟಕದ ಹೆಸರಿನಲ್ಲಿ ಯಂತ್ರವು ನಾಣ್ಯ ಚಿಮ್ಮುವದು. ಸೋತ ಘಟಕದ ಉತ್ತರವನ್ನು ಆ ಸಲದ ಮಟ್ಟಿಗೆ ಸೊನ್ನೆಯೆಂದು ಹಿಡಿದು, ಉಳಿದವುಗಳಿಂದಲೇ ಉತ್ತರ ಪಡೆದು, ಉಳಿದವುಗಳ ತೂಕಗಳನ್ನೇ ತಿದ್ದಲಾಗುವದು. ಮುಂದಿನ ಸಲ ಮತ್ತೆ ಹೊಸದಾಗಿ ನಾಣ್ಯ. ನಡುವಿನ ಪದರುಗಳಲ್ಲಿ ಅರ್ಧದಷ್ಟು ಘಟಕಗಳನ್ನೂ, ಒಳಬರುವ ಸಂಖ್ಯೆಗಳಲ್ಲಿ ಐದರಲ್ಲಿ ಒಂದು ಪಾಲನ್ನೂ ಬಿಡುವದು ವಾಡಿಕೆ. ಕಲಿಕೆ ಮುಗಿದು ನಿಜವಾದ ಕೆಲಸಕ್ಕೆ ನಿಂತಾಗ ಯಾವ ಘಟಕವನ್ನೂ ಬಿಡುವದಿಲ್ಲ.

ಈ ಉಪಾಯವನ್ನು ೨೦೧೨ರಲ್ಲಿ ಕೆನಡಾ ದೇಶದ ಟೊರೊಂಟೊ ವಿಶ್ವವಿದ್ಯಾಲಯದ ಜೆಫ್ರಿ ಹಿಂಟನ್‌ರೂ ಅವರ ಶಿಷ್ಯರೂ ಪ್ರಕಟಿಸಿದರು. ೨೦೧೪ರಲ್ಲಿ ನಿತೀಶ ಶ್ರೀವಾಸ್ತವ ಮೊದಲಾದವರು ಹಿಂಟನ್‌ರ ಜೊತೆಗೆ ಇದರ ವಿಸ್ತಾರವಾದ ವಿವರಣೆಯನ್ನು ಬರೆದರು. ಇದೇ ಹಿಂಟನ್‌ರಿಗೆ ನರಜಾಲಗಳ ಮೇಲಿನ ಕಾರ್ಯಕ್ಕಾಗಿ ಜಾನ್ ಹಾಪ್‌ಫೀಲ್ಡ್‌ರೊಡನೆ ೨೦೨೪ರ ಭೌತಶಾಸ್ತ್ರದ ನೊಬೆಲ್ ಪಾರಿತೋಷಕವು ದೊರೆಯಿತು. ಡ್ರಾಪ್‌ಔಟಿನ ವಿಚಾರವು ಹೊಳೆದ ಬಗೆಯನ್ನು ಅವರು ಹೇಳಿಕೊಂಡಿರುವದು ಸ್ವಾರಸ್ಯವಾಗಿದೆ. ಅವರು ತಮ್ಮ ಬ್ಯಾಂಕಿಗೆ ಹೋದಾಗಲೆಲ್ಲ ಕಟಕಟೆಯ ಹಿಂದೆ ಕುಳಿತವರು ಬದಲಾಗುತ್ತಿದ್ದರಂತೆ. ಬ್ಯಾಂಕಿಗೆ ಮೋಸ ಮಾಡಬೇಕಾದರೆ ನೌಕರರು ಒಳಗೊಳಗೆ ಕೂಡಿಕೊಳ್ಳಬೇಕು. ಸ್ಥಾನ ಬದಲಿಸುತ್ತಿದ್ದರೆ ಆ ಕೂಟ ಕಟ್ಟಲಾಗದು ಎಂದು ಅವರು ಊಹಿಸಿದರು. ನರಜಾಲದ ಘಟಕಗಳೂ ತಮ್ಮತಮ್ಮೊಳಗೆ ಕೂಟ ಕಟ್ಟಿಯೇ ಗಿಳಿಪಾಠ ಒಪ್ಪಿಸುವವು. ಜೊತೆಗಾರರನ್ನು ಬದಲಿಸುತ್ತ ಹೋದರೆ ಆ ಕೂಟ ಮುರಿಯುವದು.

ಇನ್ನು ದನಿಯನ್ನು ಅರ್ಧಕ್ಕೆ ಇಳಿಸುವ ಮಾತಿನ ಲೆಕ್ಕವನ್ನು ನೋಡೋಣ. ನಾಲ್ಕು ಘಟಕಗಳು ಮುಂದಿನ ಪದರಿಗೆ ಅನುಕ್ರಮವಾಗಿ ೨, ೪, ೬, ೮ ಎಂಬ ಸಂಖ್ಯೆಗಳನ್ನು ಕಳಿಸುತ್ತಿವೆಯೆಂದು ಇಟ್ಟುಕೊಳ್ಳಿರಿ. ಎಲ್ಲವೂ ಇದ್ದರೆ ಮೊತ್ತ ೨೦. ಪ್ರತಿಯೊಂದಕ್ಕೂ ನಾಣ್ಯ ಚಿಮ್ಮಿದರೆ ಇರುವ, ಇಲ್ಲದಿರುವ ಜೋಡಣೆಗಳು ಒಟ್ಟು ೧೬. ಒಮ್ಮೆ ನಾಲ್ಕೂ ಇದ್ದು ೨೦ ಬರುವದು. ಒಮ್ಮೆ ಯಾವದೂ ಇಲ್ಲದೆ ಸೊನ್ನೆ ಬರುವದು. ೨ ಮತ್ತು ೮ ಮಾತ್ರ ಉಳಿದಾಗ ೧೦ ಬರುವದು. ಈ ಹದಿನಾರರಲ್ಲಿ ಪ್ರತಿಯೊಂದು ಘಟಕವೂ ಎಂಟರಲ್ಲಿ ಇರುವದು, ಎಂಟರಲ್ಲಿ ಇರದು. ಆದುದರಿಂದ ಹದಿನಾರೂ ಮೊತ್ತಗಳ ಸರಾಸರಿಯು ೨೦ರ ಅರ್ಧ, ಅಂದರೆ ೧೦. ಮುಂದಿನ ಪದರಿನವರಿಗೆ ಸರಾಸರಿ ಹತ್ತನ್ನು ಕೇಳಿ ರೂಢಿಯಾಗಿದೆ. ಪರೀಕ್ಷೆಯ ದಿನ ಒಮ್ಮೆಲೆ ಇಪ್ಪತ್ತು ಬಂದರೆ ಅವರು ಗಲಿಬಿಲಿಗೊಳ್ಳುವರು. ಅದಕ್ಕಾಗಿ ಅಂದು ತೂಕಗಳನ್ನು ಅರ್ಧ ಮಾಡಿ ೧, ೨, ೩, ೪ ಎಂದು ಕಳಿಸಿದರೆ ಮೊತ್ತ ೧೦ ಆಗಿ ಲೆಕ್ಕ ಸರಿಹೋಗುವದು. ಈಗಿನ ಪದ್ಧತಿಯಲ್ಲಿ ಇದನ್ನೇ ತಿರುವಿ ಮಾಡುವರು: ಅಭ್ಯಾಸದ ಕಾಲದಲ್ಲಿಯೇ ಉಳಿದವರ ದನಿಯನ್ನು ಇಮ್ಮಡಿಸಿ, ಪರೀಕ್ಷೆಯ ದಿನ ಏನನ್ನೂ ಬದಲಿಸದೆ ಬಿಡುವರು. ಫಲ ಒಂದೇ.

ಹದಿನಾರು ಜೋಡಣೆಗಳೆಂದರೆ ಹದಿನಾರು ಬೇರೆ ಬೇರೆ ಚಿಕ್ಕ ಜಾಲಗಳೆಂದೇ ಅರ್ಥ. ಘಟಕಗಳು ಹತ್ತಾದರೆ ಇಂಥ ಜಾಲಗಳು ೧,೦೨೪, ಇಪ್ಪತ್ತಾದರೆ ೧೦,೪೮,೫೭೬. ಎಂಟುನೂರು ಘಟಕಗಳಿದ್ದರೆ ಆ ಸಂಖ್ಯೆಯನ್ನು ಬರೆಯಲು ಈ ಪತ್ರಿಕೆಯಲ್ಲಿ ಹಲವು ಸಾಲುಗಳೇ ಬೇಕಾದಾವು. ಎಲ್ಲ ಜಾಲಗಳೂ ಅವೇ ತೂಕಗಳನ್ನು ಹಂಚಿಕೊಂಡು ಕಲಿಯುವದರಿಂದ ಬೇರೆ ಖರ್ಚಿಲ್ಲ. ಕಡೆಗೆ ಪೂರ್ತಿ ಜಾಲವು ಕೊಡುವ ಉತ್ತರವು ಈ ಅಸಂಖ್ಯ ಚಿಕ್ಕ ಜಾಲಗಳ ಸರಾಸರಿಗೆ ಸಮೀಪವಾಗಿರುವದು. ಒಂದೇ ಜಾಲದ ಖರ್ಚಿನಲ್ಲಿ ಹಲವು ಜಾಲಗಳ ಫಲವೆಂದು ಮೇಲೆ ಹೇಳಿದ್ದು ಈ ಅರ್ಥದಲ್ಲಿ.

ಇಲ್ಲಿ ಡ್ರಾಪ್‌ಔಟ್ ಎಂಬ ಶಬ್ದದ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಈ ಶಬ್ದವು ನಮ್ಮ ಊರುಗಳಿಗೆ ಹೊಸದಲ್ಲ. ಶಾಲೆ ಬಿಟ್ಟ ಮಕ್ಕಳ ಪಟ್ಟಿಯನ್ನು ಹಿಡಿದು ಮಾಸ್ತರರು ಮನೆಮನೆಗೆ ಬಂದಾಗ ನಾವು ಇದನ್ನು ಕೇಳಿದ್ದೇವೆ. ನಮ್ಮ ಮನೆತನದಲ್ಲಿ ಪದವಿ ತರಗತಿಯನ್ನು ಕಂಡವನು ನಾನೇ ಮೊದಲಿಗನು. ನನ್ನ ಅಕ್ಕ ಏಳನೆಯ ಇಯತ್ತೆ ಮುಗಿಸಿ ಶಾಲೆ ಬಿಟ್ಟಳು. ಅದು ಹತ್ತಿ ಬಿಡಿಸುವ ಕಾಲ. ಮನೆಯಲ್ಲಿ ಕೈಗಳು ಸಾಲದಾಗಿದ್ದವು. ಲೆಕ್ಕದಲ್ಲಿ ಆಕೆ ನನಗಿಂತ ಜಾಣೆಯೆಂದು ನಮ್ಮ ತಾಯಿಯವರು ಈಗಲೂ ಹೇಳುವರು. ಯಂತ್ರದ ಡ್ರಾಪ್‌ಔಟಿಗೂ ನಮ್ಮೂರಿನ ಡ್ರಾಪ್‌ಔಟಿಗೂ ಇರುವ ಭೇದವನ್ನು ತಿಳಿದರೆ ಈ ಪಾಠವು ಇನ್ನಷ್ಟು ಸ್ಪಷ್ಟವಾಗುವದು. ಯಂತ್ರದಲ್ಲಿ ಯಾರು ಹೊರಗೆ ಕುಳ್ಳಿರಬೇಕೆಂಬದನ್ನು ನಾಣ್ಯವು ನಿರ್ಣಯಿಸುವದು. ಬಡತನವಾಗಲಿ, ಹೆಣ್ಣುಗಂಡೆಂಬ ಭೇದವಾಗಲಿ ಅಲ್ಲ. ಇಂದು ಹೊರಗೆ ಕುಳಿತ ಘಟಕವು ನಾಳೆ ಒಳಗೆ ಬರುವದು. ಅದರ ತೂಕಗಳನ್ನು ಯಾರೂ ಅಳಿಸುವದಿಲ್ಲ. ಕಡೆಯ ದಿನ ಎಲ್ಲರೂ ಮೇಳದಲ್ಲಿರುವರು. ಘಟಕಗಳನ್ನು ಕಾಯಮ್ಮಾಗಿ ಕಿತ್ತುಹಾಕುವ ಪದ್ಧತಿಯೂ ಉಂಟು. ಆದರೆ ಅದು ಬೇರೆ ವಿಧಾನ, ಅದಕ್ಕೆ ಡ್ರಾಪ್‌ಔಟ್ ಎನ್ನುವದಿಲ್ಲ. ಮರಳಿ ಬರುವ ಹಾದಿ ತೆರೆದಿರುವದೇ ಈ ವಿಧಾನದ ಜೀವಾಳ.

ಈ ಉಪಾಯದಿಂದ ನಿಜವಾಗಿಯೂ ಲಾಭವಾಗಿದೆಯೆ? ಕೈಬರಹದ ಇಂಗ್ಲಿಷ್ ಅಂಕಿಗಳ ಪ್ರಸಿದ್ಧ ಸಂಗ್ರಹವೊಂದಿದೆ. ಎಂನಿಸ್ಟ್ ಎಂದು ಅದರ ಹೆಸರು. ಕಲಿಸಲು ೬೦,೦೦೦, ಪರೀಕ್ಷೆಗೆ ೧೦,೦೦೦ ಅಂಕಿಗಳು ಅದರಲ್ಲಿವೆ. ಡ್ರಾಪ್‌ಔಟ್ ಇಲ್ಲದ ಸಾಮಾನ್ಯ ನರಜಾಲವು ಪರೀಕ್ಷೆಯಲ್ಲಿ ಶೇಕಡಾ ೧.೬೦ರಷ್ಟು ತಪ್ಪು ಮಾಡುತ್ತಿತ್ತು. ಡ್ರಾಪ್‌ಔಟ್ ಬಳಸಿದ ಜಾಲದ ತಪ್ಪು ೧.೩೫ಕ್ಕೆ ಇಳಿಯಿತು, ತೂಕಗಳಿಗೆ ಮಿತಿ ಹಾಕುವದೇ ಮೊದಲಾದ ಇತರ ಸುಧಾರಣೆಗಳನ್ನೂ ಕೂಡಿಸಿದಾಗ ೦.೯೫ಕ್ಕೆ ಬಂದಿತು. ಹತ್ತು ಸಾವಿರಕ್ಕೆ ೧೬೦ ತಪ್ಪುಗಳಿದ್ದದ್ದು ೯೫ ಆಯಿತೆಂದು ಅರ್ಥ. ೨೦೧೨ರಲ್ಲಿ ಅಲೆಕ್ಸ್ ಕ್ರಿಝೆವ್‌ಸ್ಕಿ, ಇಲ್ಯಾ ಸುಟ್ಸ್‌ಕೆವರ್, ಹಿಂಟನ್ ಈ ಮೂವರು ರಚಿಸಿದ ಅಲೆಕ್ಸ್‌ನೆಟ್ ಎಂಬ ಜಾಲವು ಚಿತ್ರಗಳನ್ನು ಗುರುತಿಸುವ ದೊಡ್ಡ ಸ್ಪರ್ಧೆಯನ್ನು ಗೆದ್ದಿತು. ಅದರ ತೂಕಗಳು ಸುಮಾರು ಆರು ಕೋಟಿ. ಕಲಿತ ಚಿತ್ರಗಳು ಸುಮಾರು ಹನ್ನೆರಡು ಲಕ್ಷ. ಡ್ರಾಪ್‌ಔಟ್ ಇಲ್ಲದಿದ್ದರೆ ಆ ಜಾಲಕ್ಕೆ ಗಿಳಿಪಾಠದ ರೋಗವು ಬಲವಾಗಿ ಅಂಟುತ್ತಿತ್ತೆಂದು ಅದನ್ನು ರಚಿಸಿದವರೇ ಬರೆದಿರುವರು.

ಆದರೆ ಯಾವ ಔಷಧವೂ ಸರ್ವರೋಗಕ್ಕೆ ಮದ್ದಲ್ಲ. ಮೊದಲನೆಯದಾಗಿ, ಡ್ರಾಪ್‌ಔಟ್ ಬಳಸಿದ ಜಾಲವು ಕಲಿಯಲು ಎರಡು ಮೂರು ಪಟ್ಟು ಹೆಚ್ಚು ಕಾಲ ತೆಗೆದುಕೊಳ್ಳುವದು. ಪ್ರತಿದಿನವೂ ಅರ್ಧ ಮೇಳವೇ ಅಭ್ಯಾಸ ಮಾಡುತ್ತಿದ್ದರೆ ತಡವಾಗುವದು ಸಹಜವಷ್ಟೆ. ಎರಡನೆಯದಾಗಿ, ಬಹಳ ಮಂದಿಯನ್ನು ಹೊರಗೆ ಕೂಡ್ರಿಸಿದರೆ ಹಾಡುವವರೇ ಇಲ್ಲದಂತಾಗಿ ಜಾಲವು ಏನನ್ನೂ ಕಲಿಯದು. ಮೂರನೆಯ ಮಾತು ಎಲ್ಲಕ್ಕೂ ಮುಖ್ಯವಾದುದು. ಮಾದರಿಗಳು ನೂರೋ ಐನೂರೋ ಇದ್ದಾಗ ಡ್ರಾಪ್‌ಔಟಿನಿಂದ ಏನೂ ಲಾಭವಾಗಲಿಲ್ಲವೆಂದು ೨೦೧೪ರ ಲೇಖನದಲ್ಲಿಯೇ ಹೇಳಿದೆ. ಅಷ್ಟು ಕಡಿಮೆ ಮಾದರಿಗಳನ್ನು ಅರ್ಧ ಘಟಕಗಳೊಂದಿಗೂ ಜಾಲವು ಬಾಯಿಪಾಠ ಮಾಡಿಬಿಡಬಲ್ಲದು. ಗುರುವು ಎಷ್ಟೇ ಜಾಣನಿದ್ದರೂ ಮೇಳಕ್ಕೆ ಎರಡೇ ಪದ ಹೇಳಿಕೊಟ್ಟರೆ ಅವರು ಎರಡೇ ಪದ ಹಾಡಿಯಾರು.

ಈ ಮಾತು ಕನ್ನಡದ ಮಟ್ಟಿಗೆ ಎಷ್ಟು ನಿಜವೆಂಬದಕ್ಕೆ ಒಂದು ನಿದರ್ಶನವಿದೆ. ೨೦೧೯ರಲ್ಲಿ ವಿನಯ ಉದಯ ಪ್ರಭು ಎಂಬ ಸಂಶೋಧಕರು ಕನ್ನಡ ಅಂಕಿಗಳ ಕೈಬರಹದ ಸಂಗ್ರಹವೊಂದನ್ನು ಸಿದ್ಧಪಡಿಸಿ ಎಲ್ಲರಿಗೂ ಮುಕ್ತವಾಗಿ ಕೊಟ್ಟರು. ಅದಕ್ಕೆ ಕನ್ನಡ ಎಂನಿಸ್ಟ್ ಎಂದು ಹೆಸರು. ಬೆಂಗಳೂರಿನಲ್ಲಿ ೬೫ ಮಂದಿ ಕನ್ನಡಿಗರು ತಲಾ ೧,೨೮೦ ಅಂಕಿಗಳನ್ನು ದೊಡ್ಡ ಹಾಳೆಗಳ ಮೇಲೆ ಬರೆದುಕೊಟ್ಟರು. ಅವುಗಳಿಂದ ಕಲಿಸಲು ೬೦,೦೦೦, ಪರೀಕ್ಷೆಗೆ ೧೦,೦೦೦ ಅಂಕಿಗಳನ್ನು ಆಯ್ದರು. ಅಮೇರಿಕೆಯ ಕ್ಯಾಲಿಫೋರ್ನಿಯಾದಲ್ಲಿ, ನಮ್ಮ ಅಂಕಿಗಳನ್ನು ದಿನವೂ ಬರೆಯುವ ರೂಢಿಯಿಲ್ಲದ ಕೆಲವರಿಂದ ೧೦,೨೪೦ ಅಂಕಿಗಳನ್ನು ಬೇರೆಯಾಗಿ ಬರೆಯಿಸಿದರು. ಸಾಮಾನ್ಯವಾಗಿ ಬಳಕೆಯಲ್ಲಿರುವ ಒಂದು ನರಜಾಲಕ್ಕೆ ಇದನ್ನು ಕಲಿಸಿದಾಗ, ಮೊದಲನೆಯ ಪರೀಕ್ಷೆಯಲ್ಲಿ ಶೇಕಡಾ ೯೬.೮ ಉತ್ತರಗಳು ಸರಿಯಾದವು. ಎರಡನೆಯ ಗುಂಪಿನವರ ಬರಹವನ್ನು ಓದಲು ಹೇಳಿದಾಗ ಸರಿಯಾದದ್ದು ಶೇಕಡಾ ೭೬.೧ ಮಾತ್ರ. ಸಾವಿರ ಅಂಕಿಗಳಲ್ಲಿ ಒಂದು ಕಡೆಗೆ ೩೨ ತಪ್ಪು. ಇನ್ನೊಂದು ಕಡೆಗೆ ೨೩೯ ತಪ್ಪು.

ಈ ಎರಡು ಬಗೆಯ ಸೋಲುಗಳನ್ನು ಬೇರ್ಪಡಿಸಿ ನೋಡಬೇಕು. ಅವೇ ಕೈಗಳ ಹೊಸ ಅಂಕಿಗಳನ್ನು ಓದುವಲ್ಲಿ ಯಂತ್ರವು ಸೋತರೆ ಅದು ಗಿಳಿಪಾಠದ ಸೋಲು. ಅಲ್ಲಿ ಡ್ರಾಪ್‌ಔಟ್ ನೆರವಾಗುವದು. ಎಂದೂ ಕಾಣದ ಬೇರೊಂದು ನಾಡಿನ, ಬೇರೊಂದು ರೂಢಿಯ ಕೈಗಳ ಮುಂದೆ ಸೋತರೆ ಅದು ಅನುಭವದ ಕೊರತೆ. ಅಲ್ಲಿ ನಾಣ್ಯ ಚಿಮ್ಮಿ ಆಗುವ ಉಪಯೋಗ ಸ್ವಲ್ಪವೇ. ಶಾಯಿಯ ಕಲೆಯನ್ನು ನೆಚ್ಚಬೇಡವೆಂದು ಡ್ರಾಪ್‌ಔಟ್ ಕಲಿಸಬಲ್ಲದು. ಆದರೆ ಯಾರೂ ತೋರಿಸದ ಬರಹವನ್ನು ಅದು ತಾನಾಗಿ ತಂದು ತೋರಿಸಲಾರದು.

ಇದು ಕೇವಲ ಪಂಡಿತರ ಚರ್ಚೆಯಲ್ಲ. ನಮ್ಮ ಅಂಕಿಗಳಲ್ಲಿ ೩ಕ್ಕೂ ೭ಕ್ಕೂ ಇರುವ ಭೇದವು ಒಂದು ಸಣ್ಣ ತಿರುವಿನದು; ೬ಕ್ಕೂ ೯ಕ್ಕೂ ಹಾಗೆಯೇ. ಹಿರೇಕೆರೂರಿನ ರೈತನೊಬ್ಬನು ಗೋವಿನಜೋಳ ತೂಗಿಸಿ ಬಂದು ಚೀಟಿಯಲ್ಲಿ ೭ ಕ್ವಿಂಟಲ್ ಎಂದು ಬರೆದುಕೊಂಡಿದ್ದನ್ನು ಯಂತ್ರವು ೩ ಎಂದು ಓದಿದರೆ ನಾಲ್ಕು ಕ್ವಿಂಟಲ್ ಬೆವರು ಒಂದು ಗೆರೆಯ ತಿರುವಿನಲ್ಲಿ ಇಂಗಿಹೋಗುವದು. ಸವಣೂರಿನ ಎಲೆಯ ವ್ಯಾಪಾರಿಯ ವಹಿಯಲ್ಲಿ, ಹಾನಗಲ್ಲಿನ ಮಾವಿನ ತೋಪಿನ ಲೆಕ್ಕದಲ್ಲಿ ಇಂಥ ಅಂಕಿಗಳು ಸಾವಿರಾರು. ನನ್ನ ಅಕ್ಕ ಈಗ ತನ್ನ ಊರಿನ ಸ್ವಸಹಾಯ ಸಂಘದ ಉಳಿತಾಯದ ಲೆಕ್ಕವನ್ನು ಬರೆಯುವಳು. ಇಪ್ಪತ್ತು ಮಂದಿ ಹೆಣ್ಣುಮಕ್ಕಳ ವಾರದ ಹಣವು ಅವಳ ಕನ್ನಡ ಅಂಕಿಗಳಲ್ಲಿದೆ. ಏಳನೆಯ ಇಯತ್ತೆಗೆ ನಿಂತ ಕೈಯಾದುದರಿಂದ ಅವಳ ೭ ತುಸು ಅವಸರದ್ದು. ಸಂಘದ ಹೆಂಗಸರು ಅದನ್ನು ತಪ್ಪದೆ ಓದುವರು. ಯಾಕಂದರೆ ಅವರಿಗೆ ಆ ಕೈಯ ಪರಿಚಯವಿದೆ. ನಾಳೆ ಇಂಥ ಲೆಕ್ಕಗಳನ್ನು ಓದುವ ಕೆಲಸವು ಯಂತ್ರಕ್ಕೆ ಬಂದರೆ, ಅರವತ್ತೈದು ನಗರವಾಸಿಗಳ ಕೈಯನ್ನು ಮಾತ್ರ ಕಂಡ ಯಂತ್ರವು ಅಕ್ಕನ ಅಂಕಿಗಳನ್ನು ಹೇಗೆ ಓದೀತು? ಶಾಲೆಯಿಂದ ಒಮ್ಮೆ ಹೊರಗುಳಿದವರು ಯಂತ್ರದ ಪಾಠದಿಂದಲೂ ಹೊರಗುಳಿದರೆ ಅದು ಎರಡನೆಯ ಡ್ರಾಪ್‌ಔಟ್ ಆದೀತು.

ಇದಕ್ಕೆ ನಮ್ಮಿಂದಾಗುವ ಕೆಲಸವೊಂದಿದೆ. ಅದನ್ನು ಸಹಪಾಠಿಗಳ ಮುಂದೆ ಇಡುತ್ತೇನೆ. ನಮ್ಮಲ್ಲಿ ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ಈ ನಾಲ್ಕೂ ಸೀಮೆಗಳ ಹಳ್ಳಿಗಳಿಂದ ಬಂದವರಿದ್ದೇವೆ. ಇನ್ನೂರು ವಿದ್ಯಾರ್ಥಿಗಳು ಮನಸ್ಸು ಮಾಡಿ, ತಲಾ ಐದು ಮಂದಿ ಹಿರ��ಯರಿಂದ, ಅವರ ಒಪ್ಪಿಗೆಯನ್ನು ಪಡೆದು, ಹೆಸರು ಬರೆಯಿಸದೆ, ಸೊನ್ನೆಯಿಂದ ಒಂಬತ್ತರ ವರೆಗೆ ಪ್ರತಿಯೊಂದು ಅಂಕಿಯನ್ನು ಹತ್ತು ಸಲ ಬರೆಯಿಸಿ ತಂದರೆ ಒಂದು ಸಾವಿರ ಕೈಗಳ ಒಂದು ಲಕ್ಷ ಅಂಕಿಗಳು ಕೂಡುವವು. ಗೇಣಿ ಲೆಕ್ಕ ಬರೆದ ಅಜ್ಜನ ಕೈ, ಕಿರಾಣಿ ಅಂಗಡಿಯ ಕಾಕಾನ ಕೈ, ಅಂಗನವಾಡಿಯ ಅಕ್ಕೋರ ಕೈ, ಸಂಘದ ವಹಿ ಬರೆಯುವ ಚಿಗವ್ವನ ಕೈ ಎಲ್ಲವೂ ಅದರಲ್ಲಿ ಬರಲಿ. ಆದರೆ ಒಂದು ಎಚ್ಚರಿಕೆ ಅವಶ್ಯ. ಪರೀಕ್ಷೆಗಾಗಿ ಅಂಕಿಗಳನ್ನು ಬಿಡಿಬಿಡಿಯಾಗಿ ಆಯ್ದು ತೆಗೆದಿಡಬಾರದು. ಇನ್ನೂರು ಮಂದಿಯ ಹಾಳೆಗಳನ್ನು ಇಡಿಯಾಗಿ ಬಚ್ಚಿಡಬೇಕು. ಆಗ ಮಾತ್ರ ಯಂತ್ರವು ಕಾಣದ ಕೈಯನ್ನು ಓದಬಲ್ಲದೋ ಇಲ್ಲವೋ ಎಂಬದು ನಿಜವಾಗಿ ತಿಳಿಯುವದು. ಒಬ್ಬನೇ ಬರೆದ ಅಂಕಿಗಳು ಎರಡೂ ಕಡೆಗೆ ಹಂಚಿಹೋದರೆ ಪ್ರಶ್ನಪತ್ರಿಕೆಯನ್ನು ಮೊದಲೇ ತೋರಿಸಿದಂತಾಗುವದು.

ಸರ್ವಜ್ಞನನ್ನು ತಮ್ಮವನೆಂದು ಹೇಳಿಕೊಳ್ಳುವ ಹಿರೇಕೆರೂರ ನಾಡಿನವರಿಗೆ ಹಲವರಿಂದ ಕಲಿಯಬೇಕೆಂಬ ಮಾತು ಹೊಸದೇನಲ್ಲ. ಕಲಿಯುವ ಯಂತ್ರದ ವಿದ್ಯೆಯೂ ಕಡೆಗೆ ಅದೇ ಮಾತಿಗೆ ಬಂದು ನಿಲ್ಲುವದು. ಜೊತೆಗಾರನ ಬಾಯಿ ನೋಡಿ ಹಾಡದೆ ಪ್ರತಿಯೊಬ್ಬನೂ ಪದವನ್ನು ತಾನೇ ಕಲಿಯಬೇಕು. ಕಲಿಯುವ ಪದಗಳು ಹಲವು ಊರುಗಳಿಂದ, ಹಲವು ಕೊರಳುಗಳಿಂದ ಬಂದಿರಬೇಕು. ಮೊದಲನೆಯದನ್ನು ಡ್ರಾಪ್‌ಔಟ್ ಎಂಬ ಉಪಾಯವು ಮಾಡಿಕೊಡುವದು. ಎರಡನೆಯದು ಯಂತ್ರದ ಕೈಯಲ್ಲಿಲ್ಲ, ನಮ್ಮ ಕೈಯಲ್ಲಿದೆ. ಬರುವ ದೀಪಾವಳಿಯ ಸೂಟಿಗೆ ಊರಿಗೆ ಹೋಗುವ ಗೆಳೆಯ ಗೆಳತಿಯರು ಚೀಲದಲ್ಲಿ ಐದು ಬಿಳಿಯ ಹಾಳೆಗಳನ್ನು ಒಯ್ಯಲಿ ಎಂಬದೇ ನನ್ನ ಬಿನ್ನಹ.